ಮಂಡಿ ಒಳಗೆ ಬೀಳಬಾರದು

ಈ ಸಲ ಪುಸ್ತಕ ಅಲ್ಲ, ಸಿನಿಮಾ ಅಲ್ಲ, ಒಂದು ಪೋಸ್ಟರನ್ನು ವಿಮರ್ಶೆ ಮಾಡ್ತೀನಿ. ನಗಬೇಡಿ. ಕಳೆದ ಎರಡು ವರ್ಷದಲ್ಲಿ ನಾನು ಅತಿ ಹೆಚ್ಚು ಸಲ ಓದಿರೋ ಕೃತಿ ಅದೇ. ಒಂದು ಹಾಳೆ, ಹದಿನೈದು ವ್ಯಾಯಾಮ, ಇಪ್ಪತ್ತು ನಿಮಿಷ. ಹೆಸರು 'ಫಿಫಾ 11 ಪ್ಲಸ್'. ಫುಟ್‌ಬಾಲ್ ಆಡೋಕೆ ಮುಂಚೆ ಮಾಡಬೇಕಾದ ವಾರ್ಮ್ ಅಪ್ ಅದು. ನನ್ನ ಫಿಸಿಯೋ ಅದನ್ನ ಗೋಡೆಗೆ ಅಂಟಿಸಿದ್ರು. ಅದರ ಕೆಳಗೆ ಮಲಗಿ, ಮಂಡಿಗೆ ಐಸ್ ಪ್ಯಾಕ್ ಕಟ್ಟಿಸಿಕೊಂಡು ಓದಿದ್ದು ನಾನು. ಓದಬೇಕಿದ್ದ ವಯಸ್ಸಿಗಿಂತ ಹದಿನೈದು ವರ್ಷ ತಡವಾಗಿ.

ಆಗಿದ್ದು ಇಷ್ಟೇ. ಆಫೀಸ್ ಟೀಮು, ಬೆಂಗಳೂರಿನ ಒಂದು ಟರ್ಫು, ಗುರುವಾರ ರಾತ್ರಿ. ಬಾಲ್ ಎಡಕ್ಕೆ ಹೋಯ್ತು, ನಾನೂ ಎಡಕ್ಕೆ ತಿರುಗಿದೆ, ಬಲಗಾಲು ಮಾತ್ರ ಇದ್ದಲ್ಲೇ ಇತ್ತು. ಹುರಳಿಕಾಯಿ ಮುರಿದ ಹಾಗೆ ಒಂದು ಸದ್ದು. ಹತ್ತಿರದಲ್ಲಿ ಯಾರೂ ಇರಲಿಲ್ಲ, ಯಾರೂ ಮುಟ್ಟಲಿಲ್ಲ. ಎಂಆರ್‌ಐ ಹೇಳಿತು: ಎಸಿಎಲ್ ಹರಿದಿದೆ. ತೊಡೆಮೂಳೆಯನ್ನೂ ಮೊಣಕಾಲಿನ ಕೆಳಗಿನ ಮೂಳೆಯನ್ನೂ ಮಂಡಿಯೊಳಗೆ ಅಡ್ಡಡ್ಡ ಕಟ್ಟಿಹಿಡಿಯೋ ನಮ್ಮ ಕಿರುಬೆರಳಷ್ಟು ಗಾತ್ರದ ಹಗ್ಗ ಅದು. ಆಪರೇಷನ್ನು, ಒಂಬತ್ತು ತಿಂಗಳ ಫಿಸಿಯೋ, ಇನ್ಷೂರೆನ್ಸ್ ಜೊತೆ ಜಗಳ. ಅದನ್ನೆಲ್ಲ ಬರೆದ್ರೆ ನಿಮಗೂ ಬೇಜಾರು, ನನಗೂ ಬೇಜಾರು. ಹೇಳಬೇಕಿರೋದು ಎರಡು ಮಾತು. ಈ ಗಾಯ ಹೆಚ್ಚಾಗಿ ಆಗೋದೇ ಹೀಗೆ, ಯಾರೂ ಗುದ್ದದೆ, ತಿರುಗುವಾಗ ಅಥವಾ ಜಿಗಿದು ಇಳಿಯುವಾಗ. ಮತ್ತೆ, ಅದೇ ಆಟ ಆಡೋ ಹುಡುಗರಿಗಿಂತ ಹುಡುಗಿಯರಿಗೆ ಇದು ಎರಡು-ಮೂರು ಪಟ್ಟು ಹೆಚ್ಚು.

ಪೋಸ್ಟರ್ ಮತ್ತೆ ನೆನಪಾಗಿದ್ದು ಊರಲ್ಲಿ. ನಮ್ಮೂರು ಗುಂಡ್ಲುಪೇಟೆ. ನಿಮ್ಮಲ್ಲಿ ಬಹಳ ಜನಕ್ಕೆ ಅದು ಊಟಿಗೋ ವಯನಾಡಿಗೋ ಹೋಗುವಾಗ ಟೀ ಕುಡಿಯೋ ಊರು, ಮಳೆಗಾಲದಲ್ಲಿ ಸೂರ್ಯಕಾಂತಿ ಹೊಲದಲ್ಲಿ ಫೋಟೋ ತೆಗೆಸಿಕೊಳ್ಳೋ ಊರು, ರಾತ್ರಿ ಒಂಬತ್ತಕ್ಕೆ ಬಂಡೀಪುರದ ಗೇಟು ಹಾಕಿಬಿಡ್ತಾರೆ ಅಂತ ಗಾಡಿ ಓಡಿಸಿಕೊಂಡು ದಾಟೋ ಊರು. ಅಲ್ಲಿ ಅಕ್ಕನ ಮಗಳಿದ್ದಾಳೆ, ಒಂಬತ್ತನೇ ಕ್ಲಾಸು. ಕೇರಳ ಗಡಿ ಪಕ್ಕದಲ್ಲೇ ಇದ್ರೂ ನಮ್ಮ ಕಾಲದಲ್ಲಿ ಹುಡುಗಿಯರ ಫುಟ್‌ಬಾಲ್ ಅಂದ್ರೆ ಯಾರಿಗೂ ಗೊತ್ತಿರಲಿಲ್ಲ. ಖೋ ಖೋ, ಥ್ರೋಬಾಲ್, ಮುಗೀತು. ಈಗ ಇವಳು ಹನ್ನೊಂದು ಹುಡುಗಿಯರ ತಂಡ ಕಟ್ಟಿಕೊಂಡಿದ್ದಾಳೆ. ಸಬ್‌ಸ್ಟಿಟ್ಯೂಟ್ ಇಲ್ಲ. ಒಬ್ಬಳಿಗೆ ಹುಷಾರಿಲ್ಲ ಅಂದ್ರೆ ಹತ್ತು ಜನರ ತಂಡ.

ದಸರಾ ರಜೆಗೆ ಹೋದಾಗ ಮೆಟ್ಟಿಲು ಇಳಿಯುವಾಗ ಅವಳು ಕಂಬಿ ಹಿಡಿದು, ಒಂದೊಂದೇ ಕಾಲು ಇಟ್ಟು ಇಳಿಯೋದು ನೋಡಿದೆ.

"ಏನೇ ಅದು?"

"ಏನಿಲ್ಲ ಚಿಕ್ಕಿ, ಮಂಡಿ ಮುಂದ್ಗಡೆ ನೋಯ್ತದೆ. ಆಡುವಾಗ ನೋಯಲ್ಲ, ಆಮೇಲೆ."

ಅಡುಗೆಮನೆಯಿಂದ ಅಕ್ಕ, "ಬೆಳೆಯೋ ನೋವು ಕನ, ಎಣ್ಣೆ ತಿಕ್ಕಿದ್ರೆ ಹೋಯ್ತದೆ. ನಮ್ಗೇನ್ ನೋಯ್ತಿರ್ಲಿಲ್ವಾ" ಅಂದಳು.

ಹೌದು, ನಮಗೂ ನೋಯ್ತಿತ್ತು. ನಾವು ಹೇಳ್ತಿರಲಿಲ್ಲ. ಹೇಳಿದ್ರೆ ಆಟ ಬಿಡಿಸ್ತಾರೆ ಅಂತ. ಅವಳೂ ಹೇಳಿರಲಿಲ್ಲ, ಅದೇ ಭಯಕ್ಕೆ.

ಅವತ್ತು ಸಂಜೆ ಆ ಪೋಸ್ಟರನ್ನ ಕನ್ನಡಕ್ಕೆ ತರ್ತೀನಿ ಅಂತ ಕೂತೆ. ಅನುವಾದ ಮಾಡುವಾಗ ಕೃತಿಯ ಗುಣ, ದೋಷ ಎರಡೂ ಗೊತ್ತಾಗ್ತದೆ ಅಂತಾರಲ್ಲ, ಆಯ್ತು ಹಾಗೇ.

ಮೊದಲು ಗುಣ. ಇದನ್ನು 2006ರಲ್ಲಿ ಫಿಫಾದ ವೈದ್ಯಕೀಯ ಸಂಶೋಧನಾ ಕೇಂದ್ರ, ನಾರ್ವೆಯ ಓಸ್ಲೋ ಮತ್ತು ಅಮೆರಿಕದ ಸಾಂಟಾ ಮೋನಿಕಾದ ಸಂಶೋಧಕರ ಜೊತೆ ಸೇರಿ ತಯಾರಿಸಿತು. ಮೂರು ಭಾಗ. ಎಂಟು ನಿಮಿಷ ನಿಧಾನ ಓಟ, ಓಡ್ತಾನೇ ಸೊಂಟ ಒಳಗೆ-ಹೊರಗೆ ತಿರುಗಿಸೋದು, ಜೊತೆಗಾರ್ತಿಯ ಸುತ್ತ ಸುತ್ತೋದು, ಭುಜಕ್ಕೆ ಭುಜ ತಾಕಿಸೋದು. ನಡುವೆ ಹತ್ತು ನಿಮಿಷ ಬಲ, ಸಮತೋಲ, ಜಿಗಿತ. ಕೊನೆಗೆ ಎರಡು ನಿಮಿಷ ಜೋರು ಓಟ, ಕಾಲೂರಿ ದಿಕ್ಕು ಬದಲಿಸೋದು. ನಡುವಿನ ಭಾಗಕ್ಕೆ ಮೂರು ಹಂತ ಇದೆ, ಸುಲಭದಿಂದ ಕಷ್ಟಕ್ಕೆ. ಒಂದು ಬಾಲ್ ಬಿಟ್ಟು ಬೇರೆ ಏನೂ ಬೇಡ. ಜಿಮ್ ಬೇಡ, ರಬ್ಬರ್ ಬ್ಯಾಂಡ್ ಬೇಡ, ಪ್ರೋಟೀನ್ ಡಬ್ಬ ಬೇಡ. ಇವತ್ತಿನ ಫಿಟ್‌ನೆಸ್ ಸಾಹಿತ್ಯದಲ್ಲಿ ಏನನ್ನೂ ಮಾರದ ಒಂದು ಪುಟ ಸಿಗೋದೇ ಅಪರೂಪ.

ಪೋಸ್ಟರಿನ ಜೀವ ಇರೋದು ಕೆಳಗಿನ ಮೂಲೆಯ ಚಿಕ್ಕ ಚಿತ್ರಗಳಲ್ಲಿ. ಒಂದರಲ್ಲಿ ಸೊಂಟ, ಮಂಡಿ, ಪಾದ ಒಂದೇ ಗೆರೆಯಲ್ಲಿವೆ. ಇನ್ನೊಂದರಲ್ಲಿ ಮಂಡಿ ಒಳಗಡೆ ಬಿದ್ದಿದೆ. ಒಂದು ಸರಿ, ಒಂದು ತಪ್ಪು. ಇಡೀ ಕಾರ್ಯಕ್ರಮದ ತಿರುಳು ಅಷ್ಟೇ. ನನ್ನ ಕನ್ನಡ ಪೋಸ್ಟರಿನಲ್ಲಿ ಅದನ್ನೇ ಎಲ್ಲಕ್ಕಿಂತ ಮೇಲೆ, ಕೆಂಪು ಸ್ಕೆಚ್ ಪೆನ್ನಲ್ಲಿ ಬರೆದೆ: ಮಂಡಿ ಒಳಗೆ ಬೀಳಬಾರದು.

ಇದಕ್ಕೆ 'ನ್ಯೂರೋಮಸ್ಕ್ಯುಲರ್ ಟ್ರೈನಿಂಗ್' ಅಂತ ಯಾಕೆ ಭಾರಿ ಹೆಸರು? ಬರೀ ಸ್ನಾಯು ಬೆಳೆಸೋದಾಗಿದ್ರೆ ಬಸ್ಕಿ ಸಾಕಿತ್ತು. ಗಾಯದ ವಿಡಿಯೋಗಳನ್ನು ಫ್ರೇಮ್ ಫ್ರೇಮ್ ನೋಡಿದವರ ಲೆಕ್ಕದಲ್ಲಿ, ಪಾದ ನೆಲ ಮುಟ್ಟಿದ ಸುಮಾರು 40 ಮಿಲಿಸೆಕೆಂಡ್‌ನಲ್ಲಿ ಎಸಿಎಲ್ ಹೋಗಿರ್ತದೆ. ಕಣ್ಣು ಮಿಟುಕಿಸೋಕೆ ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಅಂದ್ರೆ "ಅಯ್ಯೋ, ಮಂಡಿ ಒಳಗೆ ಹೋಗ್ತಿದೆ, ಸರಿ ಮಾಡ್ಕೋತೀನಿ" ಅಂತ ಮಿದುಳು ಅಂದುಕೊಳ್ಳೋ ಹೊತ್ತಿಗೆ ಎಲ್ಲಾ ಮುಗಿದಿದೆ. ಕಾಲು ಮೊದಲೇ ತಯಾರಾಗಿರಬೇಕು. ಕರೆಂಟ್ ಹೋದಾಗ ಮೆಟ್ಟಿಲಿಳೀತಾ, ಇನ್ನೊಂದು ಮೆಟ್ಟಿಲಿದೆ ಅಂದ್ಕೊಂಡು ಕಾಲಿಟ್ಟು, ಇಲ್ಲದೆ ದಡಕ್ ಅಂತ ಎಡವಿದ್ದೀರಲ್ಲ? ನೆಲ ಎಲ್ಲಿದೆ ಅಂತ ಪಾದ ಮೊದಲೇ ಊಹೆ ಮಾಡಿರ್ತದೆ, ಆ ಊಹೆಗೆ ತಕ್ಕ ಹಾಗೆ ತೊಡೆ ಬಿಗಿಯಾಗಿರ್ತದೆ. ಊಹೆ ತಪ್ಪಿದಾಗ ಮಾತ್ರ ನಮಗೆ ಅದು ಗೊತ್ತಾಗೋದು. ಈ ತರಬೇತಿ ಮಾಡೋದು ಆ ಊಹೆಯನ್ನು ತಿದ್ದೋ ಕೆಲಸ. ಮೆತ್ತಗೆ ಇಳಿ, ಮಂಡಿ ಮಡಿಸಿ ಇಳಿ, ತೊಡೆಯ ಹಿಂದಿನ ಸ್ನಾಯು ಹೊತ್ತಿಗೆ ಸರಿಯಾಗಿ ಎಳೆಯಲಿ. ಕೆಳಮೂಳೆ ಮುಂದಕ್ಕೆ ಜಾರದ ಹಾಗೆ ಎಸಿಎಲ್ ಜೊತೆ ಸೇರಿ ಹಿಡಿಯೋದು ಆ ಹಿಂದಿನ ಸ್ನಾಯುನೇ.

ಅನುವಾದಕ್ಕೆ ಬರೋಣ. 'ಸಿಂಗಲ್ ಲೆಗ್ ಸ್ಟಾನ್ಸ್' ಅನ್ನೋದಕ್ಕೆ ಒಂಟಿಕಾಲಲ್ಲಿ ನಿಲ್ಲೋದು ಅಂತ ಬರೆದೆ. ಅಕ್ಕನ ಮಗಳು ನೋಡಿ "ಓ, ಕುಂಟೆಬಿಲ್ಲೆ" ಅಂದಳು. ನಿಜ. ಒಂಟಿಕಾಲಲ್ಲಿ ಕುಪ್ಪಳಿಸಿ, ಗೆರೆ ತುಳಿಯದ ಹಾಗೆ ಇಳಿದು, ಬಗ್ಗಿ ಬಿಲ್ಲೆ ಎತ್ತೋದು ಪೋಸ್ಟರಿನ ಎರಡನೇ ಭಾಗಕ್ಕೆ ತೀರಾ ಹತ್ತಿರದ ಸಂಗತಿ. ಹಾಗಂತ 'ನಮ್ಮ ಅಜ್ಜಿಯರಿಗೆ ಎಲ್ಲಾ ಗೊತ್ತಿತ್ತು' ಅನ್ನೋ ವಾಟ್ಸಾಪ್ ಫಾರ್ವರ್ಡ್ ಮಾಡಬೇಡಿ, ದಯವಿಟ್ಟು. ಅಜ್ಜಿಗೆ ಕುಂಟೆಬಿಲ್ಲೆ ಗೊತ್ತಿತ್ತು, ಮಂಡಿ ಎತ್ತ ಬೀಳ್ತಿದೆ ಅಂತ ಯಾರೂ ನೋಡ್ತಿರಲಿಲ್ಲ. ನೋಡೋದರಲ್ಲೇ ಎಲ್ಲಾ ಇರೋದು.

ಇನ್ನೊಂದು ವ್ಯಾಯಾಮದಲ್ಲಿ ಮಂಡಿಯೂರಿ ಕೂತವಳ ಹಿಮ್ಮಡಿಯನ್ನು ಹಿಂದಿನಿಂದ ಒಬ್ಬಳು ಹಿಡ್ಕೋಬೇಕು, ಮುಂದಿನವಳು ಬೆನ್ನು ಬಗ್ಗಿಸದೆ ನಿಧಾನಕ್ಕೆ ಮುಂದಕ್ಕೆ ಬಾಗ್ತಾ ಹೋಗಬೇಕು, ತಡೆಯೋಕೆ ಆಗೋ ತನಕ. ತೊಡೆಯ ಹಿಂಭಾಗ ಹರಿದೇ ಹೋಗ್ತದೇನೋ ಅನ್ನಿಸ್ತದೆ. ಮೊದಲ ಹಂತದಲ್ಲಿ ಮೂರರಿಂದ ಐದು ಸಲ ಅಷ್ಟೇ. ಪೋಸ್ಟರಿನ ಚಿತ್ರದಲ್ಲಿ ಮೆತ್ತನೆ ಹಸಿರು ಹುಲ್ಲು. ನಮ್ಮೂರ ಮೈದಾನದಲ್ಲಿ ಕೆಮ್ಮಣ್ಣು, ಅದರಲ್ಲಿ ಜಲ್ಲಿ. ಹುಡುಗಿಯರು ಮೊದಲ ದಿನವೇ ಮಂಡಿ ತರಚಿಕೊಂಡು ಎದ್ದರು. ಎರಡನೇ ದಿನ ಯಾರೋ ಗೋಣಿಚೀಲ ತಂದರು. ನನ್ನ ಪರಿಷ್ಕೃತ ಆವೃತ್ತಿಯಲ್ಲಿ ಬೇಕಾಗುವ ಸಾಮಾನು: ಒಂದು ಬಾಲು, ಆರು ಗೋಣಿಚೀಲ.

ಇಷ್ಟಕ್ಕೂ ಇದು ಕೆಲಸ ಮಾಡ್ತದಾ? ಇಲ್ಲಿ ಕಥೆ ಸ್ವಲ್ಪ ಸ್ವಾರಸ್ಯವಾಗಿದೆ, ಯಾಕಂದ್ರೆ ಇದರ ಅಪ್ಪ ಫೇಲ್ ಆದವನು. 11 ಪ್ಲಸ್‌ಗೂ ಮುಂಚೆ 'ದಿ 11' ಅಂತ ಒಂದಿತ್ತು. ಅದನ್ನ ನಾರ್ವೆಯಲ್ಲಿ ಎರಡು ಸಾವಿರಕ್ಕೂ ಹೆಚ್ಚು ಹುಡುಗಿಯರ ಮೇಲೆ ಪರೀಕ್ಷಿಸಿದಾಗ ಮಾಡಿದವರಿಗೂ ಮಾಡದವರಿಗೂ ಗಾಯದಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಒಂದು ಮುಖ್ಯ ಕಾರಣ, ತಂಡಗಳು ಅದನ್ನ ನೆಟ್ಟಗೆ ಮಾಡಿರಲೇ ಇಲ್ಲ. ಬೇಜಾರಾಗಿ ಬಿಟ್ಟಿದ್ದರು. ಸಂಶೋಧಕರು ಮುಚ್ಚಿಡದೆ ಹಾಗೇ ಪ್ರಕಟಿಸಿದರು, ಮತ್ತೆ ಕೂತು ಓಟ ಸೇರಿಸಿ, ಹಂತ ಸೇರಿಸಿ, ಜೋಡಿಯಾಗಿ ಮಾಡೋ ವ್ಯಾಯಾಮ ಸೇರಿಸಿ ಹೊಸದು ಮಾಡಿದರು. 2008ರಲ್ಲಿ 'ಬಿಎಂಜೆ'ಯಲ್ಲಿ ಬಂದ ಫಲಿತಾಂಶದಲ್ಲಿ 13ರಿಂದ 17 ವಯಸ್ಸಿನ 1,892 ಹುಡುಗಿಯರಿದ್ದರು. ಗಂಭೀರ ಗಾಯ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ಒಂದೇ ಏಟಿಗಲ್ಲದೆ ದಿನದಿನ ಸವೆದು ಬರೋ ನೋವಿನ ಗಾಯಗಳೂ ಸುಮಾರು ಅರ್ಧ ಕಡಿಮೆ. ಅಕ್ಕನ ಮಗಳಿಗೆ ನಾನು ಓದಿ ಹೇಳಿದ್ದು ಈ ಎರಡನೆಯದನ್ನ. ಪ್ರಾಮಾಣಿಕವಾಗಿ ಇನ್ನೊಂದನ್ನೂ ಹೇಳಬೇಕು. ಅವರು ಮುಖ್ಯವಾಗಿ ಅಳೆಯಹೊರಟಿದ್ದ ಕಾಲಿನ ಒಟ್ಟು ಗಾಯಗಳ ಇಳಿಕೆ ಸಂಖ್ಯಾಶಾಸ್ತ್ರದ ಗೆರೆಯನ್ನು ಸ್ವಲ್ಪದರಲ್ಲಿ ದಾಟಲಿಲ್ಲ.

2012ರಲ್ಲಿ ಸ್ವೀಡನ್. 230 ಕ್ಲಬ್ಬು, 12ರಿಂದ 17 ವಯಸ್ಸಿನ 4,564 ಹುಡುಗಿಯರು. ವಾರಕ್ಕೆ ಎರಡು ಸಲ ಹದಿನೈದು ನಿಮಿಷ, ಆರೇ ವ್ಯಾಯಾಮ. ಎಸಿಎಲ್ ಗಾಯ 64 ಪ್ರತಿಶತ ಕಡಿಮೆ ಅಂತ ಎಲ್ಲಾ ಕಡೆ ಹೆಡ್‌ಲೈನು. ಒಳಗೆ ಓದಿದ್ರೆ ಮಾಡಿದವರಲ್ಲಿ ಏಳು ಜನಕ್ಕೆ, ಮಾಡದವರಲ್ಲಿ ಹದಿನಾಲ್ಕು ಜನಕ್ಕೆ. ಏಳು ಮತ್ತು ಹದಿನಾಲ್ಕು! ಪವರ್‌ಪಾಯಿಂಟ್‌ನಲ್ಲಿ 64 ಚೆನ್ನಾಗಿ ಕಾಣ್ತದೆ, ಆದರೆ ನನಗೆ ಮುಟ್ಟಿದ್ದು ಏಳು. ಒಂದು ಮಂಡಿ ಅಂದ್ರೆ ಏನು ಅಂತ ನನಗೆ ಗೊತ್ತಲ್ಲ. ಇಡೀ ಸೀಸನ್ ಪ್ರತಿ ವಾರ ಅರ್ಧ ಗಂಟೆ ಬೇಜಾರಿನ ಕೆಲಸ ಮಾಡಿದ ಎರಡೂವರೆ ಸಾವಿರ ಹುಡುಗಿಯರಲ್ಲಿ, ತನಗೆ ಏನು ತಪ್ಪಿತು ಅಂತ ಯಾವೊಬ್ಬಳಿಗೂ ಗೊತ್ತಾಗೋದಿಲ್ಲ. ಆಗದೇ ಹೋದದ್ದಕ್ಕೆ ಎಂಆರ್‌ಐ ಇಲ್ಲ. ಇದನ್ನ ಮಾಡಿಸೋದು ಕಷ್ಟ ಆಗಿರೋದು ಇದಕ್ಕೇ.

ಈಗ ದೋಷ. ಪೋಸ್ಟರ್ ಮಾತಾಡೋದು ಯಾರ ಜೊತೆ? ಮೈದಾನ ಇರೋ, ಕೋಚ್ ಇರೋ, ಸಮಯ ಇರೋ ತಂಡದ ಜೊತೆ. ನಮ್ಮ ಹನ್ನೊಂದು ಜನಕ್ಕೆ ಮೈದಾನ ಸಿಗೋದು ಹುಡುಗರ ಕ್ರಿಕೆಟ್ ಮುಗಿದ ಮೇಲೆ, ಐದೂ ಕಾಲಕ್ಕೆ. ತೆರಕಣಾಂಬಿ, ಬೇಗೂರು, ಹಂಗಳ ಕಡೆಯ ಹುಡುಗಿಯರು ಆರಕ್ಕೆ ಬಸ್ ಹಿಡೀಬೇಕು. ತಪ್ಪಿದ್ರೆ ಮಾರನೇ ದಿನ ಅಪ್ಪ ಆಟಕ್ಕೆ ಕಳಿಸಲ್ಲ. ಇರೋ ನಲವತ್ತೈದು ನಿಮಿಷದಲ್ಲಿ ಇಪ್ಪತ್ತು ನಿಮಿಷ ವಾರ್ಮ್ ಅಪ್‌ಗೆ ಕೊಡು ಅಂತ ಕೇಳೋದು, ಅರ್ಧ ರೊಟ್ಟಿ ಇರೋಳ ಹತ್ತಿರ ಅರ್ಧದಲ್ಲಿ ಅರ್ಧ ಕೇಳಿದ ಹಾಗೆ. ಗೋಲ್ ಕೀಪರ್ ಹುಡುಗಿ ನನ್ನ ಮುಖಕ್ಕೇ ಹೇಳಿದಳು, "ಅಕ್ಕ, ಇದ್ನೇ ಮಾಡ್ತಾ ಇದ್ರೆ ಆಡೋದ್ ಯಾವಾಗ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಪೋಸ್ಟರಿನ ಹತ್ತಿರವೂ ಇಲ್ಲ.

ಇನ್ನೂ ದೊಡ್ಡ ದೋಷ ಪೋಸ್ಟರಿನದ್ದಲ್ಲ, ಅದರ ಹಿಂದಿರೋ ವಿಚಾರದ್ದು. ಹುಡುಗಿಯರ ಮಂಡಿ ಯಾಕೆ ಬೇಗ ಹೋಗ್ತದೆ ಅಂದ್ರೆ ಬಹಳ ಕಾಲದಿಂದ ಸಿಗೋ ಉತ್ತರ: ಸೊಂಟ ಅಗಲ, ಹಾರ್ಮೋನು, ಜಿಗಿದು ಇಳಿಯೋಕೆ ಸರಿಯಾಗಿ ಬರಲ್ಲ, ಸ್ನಾಯು ಸಾಲದು. ಎಲ್ಲಾ ಅವಳ ಮೈಯೊಳಗಿನ ಕೊರತೆ. 2021ರಲ್ಲಿ ಜೋಆನ್ ಪಾರ್ಸನ್ಸ್, ಸ್ಟೆಫನಿ ಕೋಯೆನ್, ಶೆರೀ ಬೆಕ್ಕರ್ ಅನ್ನೋ ಮೂವರು 'ಬ್ರಿಟಿಷ್ ಜರ್ನಲ್ ಆಫ್ ಸ್ಪೋರ್ಟ್ಸ್ ಮೆಡಿಸಿನ್'ನಲ್ಲಿ ಈ ಕಥೆಯನ್ನೇ ಪ್ರಶ್ನೆ ಮಾಡಿದರು. ಮೈಯನ್ನು ಮಾತ್ರ ನೋಡಬೇಡಿ, ಅದು ಬೆಳೆದ ವಾತಾವರಣ ನೋಡಿ ಅನ್ನೋದು ಅವರ ವಾದ. ಚಿಕ್ಕಂದಿನಿಂದ ಹುಡುಗನಿಗೂ ಹುಡುಗಿಗೂ ಸಿಗೋ ಆಟ ಒಂದೇನಾ? ಮೈದಾನ, ತರಬೇತಿ, ಗಾಯವಾದ ಮೇಲಿನ ಆರೈಕೆ ಒಂದೇನಾ?

ಅದನ್ನ ಓದುವಾಗ ನನಗೆ ನನ್ನ ಎಂಟನೇ ಕ್ಲಾಸ್ ನೆನಪಾಯ್ತು. ಖೋ ಖೋದಲ್ಲಿ ತಾಲ್ಲೂಕು ಮಟ್ಟಕ್ಕೆ ಹೋಗಿದ್ದೆ. ಆ ಬೇಸಿಗೆಯಲ್ಲಿ ದೊಡ್ಡೋಳಾದೆ, ಓಡೋದು ಮುಗೀತು. ಯಾರೂ ಬೇಡ ಅನ್ನಲಿಲ್ಲ. ಬಟ್ಟೆ ಬದಲಾಯ್ತು, ಸಂಜೆ ಬೇಗ ಮನೆಗೆ ಬಾ ಅಂದರು, ಅಷ್ಟೇ. ನನ್ನ ಜೊತೆ ಗಾಳಿಪಟ ಹಾರಿಸ್ತಿದ್ದ ಚಿಕ್ಕಪ್ಪನ ಮಗ ಮಾತ್ರ ಆಮೇಲೂ ದಿನಾ ಗೋಡೆ ಹಾರಿದ, ಬಿದ್ದ, ಎದ್ದ. ಹತ್ತು ವರ್ಷ ಅವನ ನರಗಳು ನೆಲ ಎಲ್ಲಿದೆ ಅಂತ ಊಹೆ ಮಾಡೋದನ್ನ ಕಲೀತಾ ಹೋದವು, ನನ್ನವು ಕುರ್ಚಿ ಮೇಲೆ ಕೂತವು. ಇಪ್ಪತ್ತಾರಕ್ಕೆ ಬೆಂಗಳೂರಿನ ಟರ್ಫ್‌ಗೆ ಇಳಿದಾಗ ನನ್ನ ಕಾಲಿಗೆ ಹದಿಮೂರು ವರ್ಷದ ನೆನಪು ಮಾತ್ರ ಇತ್ತು. ಇದನ್ನ ವೈದ್ಯಕೀಯ ಭಾಷೆಯಲ್ಲಿ ನನ್ನ 'ನ್ಯೂರೋಮಸ್ಕ್ಯುಲರ್ ಕೊರತೆ' ಅಂತ ಬರೀತಾರೆ. ನನ್ನ ಒಬ್ಬಳ ಕಥೆಯಿಂದ ಏನೂ ಸಾಬೀತಾಗಲ್ಲ, ಗೊತ್ತು. ಆದರೂ ಆ ಪದದಲ್ಲಿ ಕೊರತೆ ಯಾರದ್ದು ಅನ್ನೋದು ಕಾಣಲ್ಲ.

ಹಾಗಂತ ಈ ವಾದವನ್ನು ಹಿಡ್ಕೊಂಡು "ಸಮಾಜ ಸರಿಯಾಗಲಿ, ಆಮೇಲೆ ವ್ಯಾಯಾಮ" ಅಂತ ಕೂರೋಕೂ ಆಗಲ್ಲ. ಸಮಾಜ ಸರಿಯಾಗೋ ಅಷ್ಟರಲ್ಲಿ ಅಕ್ಕನ ಮಗಳಿಗೆ ನಲವತ್ತಾಗಿರ್ತದೆ. ಬರೀ ವ್ಯಾಯಾಮ ಸಾಕು ಅನ್ನೋರಿಗೂ ಒಂದು ಮಾತು. ಇಂಗ್ಲೆಂಡಿನ ಆರ್ಸೆನಲ್‌ನಂಥ ಕ್ಲಬ್‌ನಲ್ಲಿ ವಾರ್ಮ್ ಅಪ್‌ಗೆ ಕೊರತೆ ಇರಲಿಕ್ಕಿಲ್ಲ. ಆದರೂ 2022–23ರ ಒಂದೇ ಸೀಸನ್ನಿನಲ್ಲಿ ಬೆತ್ ಮೀಡ್, ವಿವಿಯಾನೆ ಮೀಡೆಮಾ, ಲಿಯಾ ವಿಲಿಯಮ್ಸನ್, ಲಾರಾ ವೀನ್‌ರಾಯ್ತರ್, ನಾಲ್ವರ ಎಸಿಎಲ್ ಹೋಯ್ತು. ನಮ್ಮ ಬಾಲಾ ದೇವಿ 2020ರಲ್ಲಿ ಸ್ಕಾಟ್ಲೆಂಡಿನ ರೇಂಜರ್ಸ್ ಸೇರಿದ್ದು ಬೆಂಗಳೂರು ಎಫ್‌ಸಿ ಜೊತೆಗಿನ ಒಪ್ಪಂದದ ದಾರಿಯಲ್ಲಿ. ಅವಳನ್ನೂ ಮಂಡಿ ಗಾಯ ಬಿಡಲಿಲ್ಲ. ಪೋಸ್ಟರ್ ಅಪಾಯವನ್ನ ಕಡಿಮೆ ಮಾಡ್ತದೆ, ತಾಯಿತ ಅಲ್ಲ ಅದು.

ಇನ್ನು ಸಿನಿಮಾಗಳು. ನಮ್ಮ ಕಡೆ ತಮಿಳು ಸಿನಿಮಾ ಚೆನ್ನಾಗಿ ಓಡ್ತವೆ. ಹುಡುಗಿಯರ ಫುಟ್‌ಬಾಲ್ ಅಂದ ಕೂಡಲೇ ಅಕ್ಕನ ಮಗಳ ತಂಡಕ್ಕೆ ನೆನಪಾಗೋದು 2019ರ 'ಬಿಗಿಲ್'. ನನಗೂ ಅದರ ಹುಡುಗಿಯರು ಇಷ್ಟ, ಅದರಲ್ಲೂ ನಮ್ಮ ಕೊಡಗಿನ ವರ್ಷಾ ಬೊಳ್ಳಮ್ಮ. ಆದರೆ ಅಲ್ಲಿ ಕೋಚ್ ಒಬ್ಬ ದಪ್ಪ ಹುಡುಗಿಗೆ ರೋಷ ಬರಿಸೋಕೆ ಅವಳ ಮೈಯನ್ನೇ ಹಂಗಿಸ್ತಾನೆ. ರೋಷ ಬಂತು, ಗೆದ್ದಳು. ಕ್ರೀಡಾ ಸಿನಿಮಾಗಳಿಗೆಲ್ಲ ಇದೊಂದು ಚಟ. ಹೆಣ್ಣುಮಗಳ ನೋವು, ಅವಮಾನ ಇಂಧನ, ಅದನ್ನು ಉರಿಸಿದ್ರೆ ಗೋಲ್ ಬರ್ತದೆ. ಇಪ್ಪತ್ತು ನಿಮಿಷ ಒಂಟಿಕಾಲಲ್ಲಿ ನಿಂತು ಮಂಡಿ ನೋಡ್ಕೊಳ್ಳೋ ಹುಡುಗಿಯರ ಮೇಲೆ ಯಾರೂ ಹಾಡು ಬರೆಯಲ್ಲ. ಬ್ಯಾಂಡೇಜ್ ಕಟ್ಕೊಂಡು ಆಡಿದವಳು ಹೀರೋಯಿನ್, ನೋವು ಅಂತ ಹೇಳಿ ಕೂತವಳು ನಾಟಕದವಳು. ನಮ್ಮ ಮನೆಗಳ ಪಾಠವೂ ಅದೇ ಆಗಿರೋದ್ರಿಂದ ಸಿನಿಮಾ ಒಂದನ್ನೇ ಬೈಯೋದು ಅನ್ಯಾಯ.

ನಾವು ಕೊನೆಗೆ ಮಾಡಿಕೊಂಡ ವ್ಯವಸ್ಥೆ ಹೇಳ್ತೀನಿ. ಆಸ್ಟ್ರೇಲಿಯಾದಲ್ಲಿ ಗಂಡಸರ ತಂಡಗಳ ಮೇಲೆ ಒಂದು ಪ್ರಯೋಗ ಆಗಿದೆ. 11 ಪ್ಲಸ್‌ನ ನಡುವಿನ ಹತ್ತು ನಿಮಿಷವನ್ನು ಆಟಕ್ಕೆ ಮುಂಚೆ ಮಾಡೋ ಬದಲು ಆಮೇಲೆ ಮಾಡಿಸಿ ನೋಡಿದರು. ಜನ ತಪ್ಪಿಸಿಕೊಳ್ಳೋದು ಕಡಿಮೆ ಆಯ್ತು, ಫಲ ಕೆಡಲಿಲ್ಲ. ಅದನ್ನ ಓದಿದ ಮೇಲೆ ಪೋಸ್ಟರನ್ನು ಕತ್ತರಿಯಿಂದ ಎರಡು ಮಾಡಿದೆ. ಓಟದ ಭಾಗ ಮೈದಾನಕ್ಕೆ. ನಡುವಿನ ಭಾಗ ಹುಡುಗರು ಕ್ರಿಕೆಟ್ ಮುಗಿಸೋ ತನಕ ಕಾಯ್ತಾರಲ್ಲ, ಆಗ ಶಾಲೆ ಜಗಲಿ ಮೇಲೆ. ಗೋಣಿಚೀಲವೂ ಬೇಡ. ಕಾಯೋ ಹೊತ್ತು ಹೇಗೂ ಅವರದೇ. ಎರಡನೇ ಹಂತದಲ್ಲಿ ಬಾಲ್ ಎಸೀತಾ ಒಂಟಿಕಾಲಲ್ಲಿ ನಿಲ್ಲಬೇಕು, ಮೂರನೇದರಲ್ಲಿ ಇಬ್ಬರೂ ಒಂಟಿಕಾಲಲ್ಲಿ ನಿಂತು ಒಬ್ಬಳನ್ನೊಬ್ಬಳು ತಳ್ಳಿ ಬೀಳಿಸೋಕೆ ನೋಡಬೇಕು. ಮೊದಲ ವಾರದಲ್ಲೇ ಎಲ್ಲರೂ ನೇರ ಮೂರನೇ ಹಂತಕ್ಕೆ ಹಾರಿದರು. ಬೈದೆ, ಕೇಳಲಿಲ್ಲ. ಪೋಸ್ಟರಿನಲ್ಲಿ ನಗು ಬರೋ ವ್ಯಾಯಾಮ ಅದೊಂದೇ.

ಅಕ್ಕನ ಮಗಳನ್ನ ಮೈಸೂರಿಗೆ ಕರ್ಕೊಂಡು ಹೋಗಿ ಡಾಕ್ಟರಿಗೂ ತೋರಿಸಿದೆವು. ಹರಿದಿಲ್ಲ, ಮಂಡಿಚಿಪ್ಪಿನ ಸುತ್ತ ನೋವು, ಸೊಂಟ-ತೊಡೆಗೆ ಬಲ ಬರಬೇಕು, ಆಡೋದು ಸ್ವಲ್ಪ ಕಡಿಮೆ ಮಾಡಿ, ಪೂರ್ತಿ ನಿಲ್ಲಿಸಬೇಡಿ ಅಂದರು. 'ನಿಲ್ಲಿಸಬೇಡಿ' ಅನ್ನೋ ಒಂದು ಮಾತಿಗೆ ಅವಳು ಬಸ್ಸಿನಲ್ಲಿ ನಂಜನಗೂಡು ಬರೋ ತನಕ ಅತ್ತಳು. ಅಕ್ಕ ಏನೂ ಅನ್ನಲಿಲ್ಲ. ಬೇಗೂರು ದಾಟಿದ ಮೇಲೆ, "ನಂಗೂ ಆಗ ಹಿಂಗೇ ನೋಯ್ತಿತ್ತು ಕನೇ" ಅಂದಳು. ಅಕ್ಕ ಥ್ರೋಬಾಲ್ ಆಡ್ತಿದ್ದಳು. ಎಷ್ಟು ಚೆನ್ನಾಗಿ ಅಂತ ನನಗೆ ನೆನಪೇ ಇರಲಿಲ್ಲ.

ಹೋದ ವಾರ ಒಂದು ವಿಡಿಯೋ ಬಂತು. ಜಗಲಿ ಮೇಲೆ ಸಾಲಾಗಿ ನಿಂತು ಎಲ್ಲರೂ ಜಿಗಿದು ಇಳೀತಿದ್ದಾರೆ. ಗೋಲ್ ಕೀಪರ್ ಹುಡುಗಿ ಮುಂದೆ ನಿಂತು, ಒಬ್ಬೊಬ್ಬರ ಕಾಲು ನೋಡ್ತಾ, "ಮಂಡಿ! ನಿನ್ ಮಂಡಿ ನೋಡೇ!" ಅಂತ ಕೂಗ್ತಿದ್ದಾಳೆ. ನಾನು ಅದನ್ನ ಅರ್ಧ ವೇಗದಲ್ಲಿ ಹಾಕಿ ಮತ್ತೆ ಮತ್ತೆ ನೋಡಿದೆ. ಎಡಗಡೆಯಿಂದ ಮೂರನೆಯವಳದ್ದು ಇನ್ನೂ ಒಳಗೆ ಬೀಳ್ತಿದೆ. ಫೋನ್ ಮಾಡಿ ಹೇಳಬೇಕು.